ಏರೋಟರ್ (ಹಲ್ಲು ಕೊರೆಯುವ ಮೆಷಿನ್) ಎತ್ತುವ ಮೊದಲು: ದವಡೆ ನೋವು, ಸ್ಪ್ಲಿಂಟ್, ನನ್ನ ಅನುಭವ

ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜು ಇವೆ. ಹಾಗಾಗಿ ಬೀದಿಗೊಂದು ಕ್ಲಿನಿಕ್, ಕ್ಲಿನಿಕ್‌ಗೊಂದು ಅಭಿಪ್ರಾಯ. ದವಡೆ ನೋವಿನ ಪೇಷಂಟ್ ಬಂದರೆ ಒಬ್ಬರು ಹೈ ಪಾಯಿಂಟ್, ಅಂದರೆ ಮೊದಲು ತಾಗುವ ಎತ್ತರದ ಜಾಗ, ತೆಗೆಯಿರಿ ಅನ್ನುತ್ತಾರೆ, ಇನ್ನೊಬ್ಬರು ಹಲ್ಲು ನೇರ ಮಾಡೋ ಕ್ಲಿಪ್ ಹಾಕಿಸಿ ಅನ್ನುತ್ತಾರೆ. ಮೊದಲು ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ), ಆಮೇಲೆ ಬೈಟ್ (ಮೇಲಿನ-ಕೆಳಗಿನ ಹಲ್ಲು ಸೇರುವ ರೀತಿ) ಎಂದು ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಈಗ ಅವರಲ್ಲೇ ಮೂರ್ನಾಲ್ಕು ಜನ ನನಗೆ ಪೇಷಂಟ್ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೈಟ್ ಕೆಟ್ಟರೆ ನೋವು ಬರುತ್ತದೆ ಅನ್ನೋದು 1934ರಲ್ಲಿ ಕಾಸ್ಟನ್ ಎಂಬ ಕಿವಿ-ಮೂಗಿನ ಡಾಕ್ಟರ್ ಬರೆದಾಗಿನಿಂದ ಬೇರು ಬಿಟ್ಟ ಮಾತು. ಆದರೆ ಹಲ್ಲು ಅಡ್ಡಾದಿಡ್ಡಿ ಇರುವ ಎಷ್ಟೋ ಜನಕ್ಕೆ ದವಡೆ ನೋವೇ ಇಲ್ಲ. ನೀಟಾದ ಕ್ಲಾಸ್ 1 ಬೈಟ್, ಅಂದರೆ ಹಲ್ಲು ಸರಿಯಾಗಿ ಸೇರುವ ಬಾಯಿ ಇರುವ ಮೇಷ್ಟ್ರು ಒಬ್ಬರು ಬೆಳಗ್ಗೆ ಎದ್ದು ಬಾಯಿ ತೆರೆಯಲಾರರು. ಉಲ್ಟಾ ದಾರಿಯೂ ಇದೆ, ಸ್ನಾಯು ಬಿಗಿದು ಬೈಟ್ ಕೆಡಬಹುದು. ಬಲಗಡೆ ಲ್ಯಾಟರಲ್ ಟೆರಿಗಾಯ್ಡ್ (ದವಡೆಯನ್ನು ಮುಂದಕ್ಕೆ ಎಳೆಯುವ ಸ್ನಾಯು) ಬಿಗಿದುಕೊಂಡರೆ ದವಡೆ ಎಡಕ್ಕೆ ಜರುಗುತ್ತದೆ. ಬಲಗಡೆ ಹಿಂದಿನ ಹಲ್ಲು ಸೇರುವುದಿಲ್ಲ, ಎಡಗಡೆ ಕೋರೆಹಲ್ಲು ಮೊದಲು ತಾಗುತ್ತದೆ. ಆಗ ಹಲ್ಲು ತಾಗಿದಲ್ಲಿ ಬಣ್ಣ ಬಿಡುವ ಪೇಪರ್ ಕಚ್ಚಿಸಿ, ಮಾರ್ಕ್ ಬಿದ್ದಲ್ಲೆಲ್ಲ ಎನಾಮೆಲ್ ತೆಗೆದರೆ ಸ್ನಾಯು ಸಡಿಲಾದ ಮೇಲೆ ಏನು ಮಾಡುತ್ತೀರಿ?

ಹೊಸ ಕ್ಯಾಪ್ ಕೂರಿಸಿದ ವಾರದಲ್ಲೇ ನೋವು ಶುರುವಾಗಿದ್ದರೆ ಮಾತು ಬೇರೆ. ಕ್ಯಾಪ್ ತಗ್ಗಿಸಿ ಸಾಕು, ಸುಮ್ನೆ ನನ್ನ ಹತ್ತಿರ ಕಳಿಸಬೇಡಿ.

ಸ್ಪ್ಲಿಂಟ್ ಮಾಡಲು ಹೋಗಿ ಮೊದಲು ದುಡ್ಡು ಹೋದದ್ದು ಮೆತ್ತನೆ ಪ್ಲಾಸ್ಟಿಕ್ ಶೀಟ್‌ನಲ್ಲಿ. ಶೀಟ್ ಬಿಸಿ ಮಾಡಿ ಹಲ್ಲಿನ ಅಚ್ಚಿಗೆ ಎಳೆದು ಕೂರಿಸುವ ಸೆಕೆಂಡ್ ಹ್ಯಾಂಡ್ ವ್ಯಾಕ್ಯೂಮ್ ಮೆಷಿನ್‌ಗೆ ಇಪ್ಪತ್ತು ಸಾವಿರದ ಹತ್ತಿರ ಕೊಟ್ಟಿದ್ದೆ. ಮಾಡೋದು ಸುಲಭ, ಪೇಷಂಟ್‌ಗೂ ಹಿತ. ಆದರೆ ರಾತ್ರಿಯಿಡೀ ದನ ಮೆಲುಕು ಹಾಕಿದ ಹಾಗೆ ಅದನ್ನೇ ಜಗಿಯುತ್ತಿದ್ದರು. ಕೆಲವರಿಗೆ ಮಾಸ್ಸಿಟರ್, ಅಂದರೆ ಕೆನ್ನೆಯ ಅಗಿಯುವ ಸ್ನಾಯುವಿನ ನೋವು ಇನ್ನೂ ಏರಿತು. ತಿಂಗಳೊಳಗೆ ದವಡೆಹಲ್ಲಿನ ಹತ್ತಿರ ಶೀಟ್ ತೂತು. ಹರಿಹರದಿಂದ ಬಂದ ಒಬ್ಬರು, ‘ಡಾಕ್ಟ್ರೇ, ಪ್ಲಾಸ್ಟಿಕ್ ಕಚ್ಕೊಂಡು ಮಲಗೋಕೆ ಇಷ್ಟು ದುಡ್ಡಾ?’ ಎಂದು ಅರ್ಧಕ್ಕರ್ಧ ವಾಪಸ್ ತಗೊಂಡು ಹೋದರು. ಆಮೇಲೆ ಪೂರ್ತಿ ಕೋಲ್ಡ್ ಕ್ಯೂರ್‌ನಲ್ಲೇ (ಪುಡಿ, ದ್ರವ ಕಲಸಿದರೆ ಬಿಸಿಯಿಲ್ಲದೆ ಗಟ್ಟಿಯಾಗುವ ಅಕ್ರಿಲಿಕ್) ಮಾಡಿ ನೋಡಿದೆ. ಅದರ ದ್ರವದ (ಮಾನೋಮರ್) ವಾಸನೆಗೆ ಅಸಿಸ್ಟೆಂಟ್ ಹುಡುಗಿ ಮುನಿಸಿಕೊಂಡಳು, ಸ್ಪ್ಲಿಂಟ್‌ಗಳು ಕೋರೆಹಲ್ಲಿನ ಹತ್ತಿರ ಮುರಿದವು. ಒಂದು ಲ್ಯಾಬ್‌ಗೆ ಕೊಟ್ಟರೆ ಹಿಂದುಗಡೆ ಎತ್ತರವಾಗಿ ಬಂತು. ಅದನ್ನು ಇಳಿಸಿ ಇಳಿಸಿ ನನ್ನ ಬರ್ ಸವೆಯಿತು.

ಕೊನೆಗೆ ಕೈಹಿಡಿದದ್ದು ಇದು. 2 ಮಿ.ಮೀ. ಗಟ್ಟಿ ಶೀಟ್, ಮೇಲಿನ ಹಲ್ಲು ಪೂರ್ತಿ ಮುಚ್ಚುವ ಹಾಗೆ. ಅದರ ಮೇಲೆ ತೆಳುವಾಗಿ ಕ್ಲಿಯರ್ ಅಕ್ರಿಲಿಕ್. ಕಚ್ಚಿದಾಗ ಹಿಂದಿನ ಹಲ್ಲೆಲ್ಲ ಒಂದೇ ಸಲ ತಾಗಬೇಕು, ಪಕ್ಕಕ್ಕೆ ಜರುಗಿಸಿದಾಗ ಕೋರೆಹಲ್ಲು ಮಾತ್ರ. ಬೈಟ್‌ನ ಅಚ್ಚು ತೆಗೆಯುವ ಮೊದಲು ಮುಂದಿನ ಹಲ್ಲಿಗೆ ಜಿಗ್ (ಹಿಂದಿನ ಹಲ್ಲು ತಾಗದಂತೆ ತಡೆಯುವ ಚಿಕ್ಕ ತುಂಡು) ಇಟ್ಟು ಹತ್ತು ಹದಿನೈದು ನಿಮಿಷ ಕೂರಿಸುತ್ತೇನೆ. ಆ ಜಿಗ್ ಯಾವುದರಿಂದ ಮಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ ಕಡೆ ಬನ್ನಿ, ಟೀ ಕುಡಿಯುತ್ತಾ ತೋರಿಸುತ್ತೇನೆ. ಕೊಟ್ಟ ಮೇಲೆ ವಾರಕ್ಕೊಮ್ಮೆ ಕರೆದು ಪೇಪರ್ ಇಡಲೇಬೇಕು. ಸ್ನಾಯು ಸಡಿಲಾದ ಹಾಗೆ ದವಡೆ ಜರುಗುತ್ತದೆ, ಮಾರ್ಕ್ ಪ್ರತಿ ವಾರ ಬೇರೆ ಕಡೆ ಬೀಳುತ್ತದೆ. ಮಾರ್ಕ್ ಒಂದೇ ಜಾಗಕ್ಕೆ ಬಂದು ನಿಂತಾಗ ನೋವೂ ಇಳಿದಿರುತ್ತದೆ. ಆ ಮೇಷ್ಟ್ರದು 28 ಮಿ.ಮೀ. ಅಷ್ಟೇ ತೆರೆಯುತ್ತಿದ್ದ ಬಾಯಿ ಎರಡು ತಿಂಗಳಲ್ಲಿ 42ರ ಆಸುಪಾಸು ಬಂತು.

ನಮ್ಮ ಕಡೆ ಒಂದು ಎಚ್ಚರ ಬೇಕು. ಚನ್ನಗಿರಿ, ಹೊಳಲ್ಕೆರೆ ಕಡೆಯವರು ಬಾಯಿ ತೆರೆಯಲ್ಲ ಅಂತ ಬಂದರೆ ಮೊದಲು ಅಡಿಕೆ, ಗುಟ್ಕಾ ವಿಷಯ ಕೇಳಿ. ಕೆನ್ನೆ ಒಳಗೆ ಬಿಳಿಚಿ, ಬೆರಳಿಗೆ ಗಟ್ಟಿ ಪಟ್ಟಿ ಸಿಕ್ಕರೆ ಅದು ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ಗಟ್ಟಿಯಾಗುವುದು. ಕ್ಯಾನ್ಸರ್‌ಗೆ ತಿರುಗಬಹುದಾದ ಕಾಯಿಲೆ, ಅಲ್ಲಿ ಸ್ಪ್ಲಿಂಟ್‌ಗೆ ಕೆಲಸವಿಲ್ಲ. ಬೆರಳಿಟ್ಟು ಮೆಲ್ಲಗೆ ಅಗಲಿಸಿದಾಗ ಬಾಯಿ ಇನ್ನೂ ಐದಾರು ಮಿ.ಮೀ. ತೆರೆದರೆ ಸಾಮಾನ್ಯವಾಗಿ ಸ್ನಾಯು ಕೇಸ್.

ಮಧ್ಯೆ ಒಂದು ಸ್ಟಿಕರ್ ಪ್ರಯೋಗವೂ ಮಾಡಿದೆ. ಸ್ಪ್ಲಿಂಟ್ ರಾತ್ರಿಗೆ, ಹಗಲು ಹಲ್ಲು ಬಿಗಿಹಿಡಿಯುವವರಿಗೆ ಏನು ಮಾಡೋದು? ಕೆಂಪು ಚುಕ್ಕಿ ಸ್ಟಿಕರ್ ಕೊಟ್ಟು ಫೋನ್, ಬೈಕ್ ಟ್ಯಾಂಕ್ ಮೇಲೆ ಅಂಟಿಸಿ ಅಂದೆ. ಕಂಡಾಗಲೆಲ್ಲ ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. ಚಿತ್ರದುರ್ಗದ ಟೈಲರ್ ಒಬ್ಬರು ಹೊಲಿಗೆ ಮೆಷಿನ್‌ಗೇ ಅಂಟಿಸಿಕೊಂಡರು, ಹಲ್ಲಲ್ಲಿ ದಾರ ಕಡಿಯೋದನ್ನೂ ಬಿಟ್ಟರು. ಅವರ ಕಣತಲೆ ನೋವು ಸ್ಪ್ಲಿಂಟ್ ಲ್ಯಾಬ್‌ನಿಂದ ಬರುವ ಮೊದಲೇ ಅರ್ಧ ಇಳಿದಿತ್ತು! ಊಟದ ಪಥ್ಯಕ್ಕೆ ನಮ್ಮೂರಲ್ಲಿ ಕಷ್ಟವಿಲ್ಲ. ಬೆಣ್ಣೆದೋಸೆ ತಿನ್ನಿ, ಮಂಡಕ್ಕಿಯಲ್ಲಿ ಶೇಂಗಾ ಬೇಡ ಅನ್ನುತ್ತೇನೆ. ಇದೊಂದು ಸಲಹೆಯನ್ನು ಎಲ್ಲರೂ ಪಾಲಿಸುತ್ತಾರೆ.

ಮೂರು ತಿಂಗಳಾದ ಮೇಲೆ ಬೈಟ್ ಮತ್ತೆ ನೋಡುತ್ತೇನೆ. ಬಹಳ ಜನಕ್ಕೆ ಏರೋಟರ್ ಮುಟ್ಟಿಸುವುದೇ ಬೇಕಾಗಲಿಲ್ಲ. ಹಿಂದಿನ ಹಲ್ಲು ಇಲ್ಲದವರಿಗೆ ಬ್ರಿಡ್ಜ್ ಆಗಲೇ ಮಾಡೋದು, ಮೊದಲಲ್ಲ. ನೋವಿಲ್ಲದೆ ಬರೀ ಕ್ಲಿಕ್ ಸದ್ದು ಬರುತ್ತಿದ್ದರೆ ಬಿಟ್ಟುಬಿಡುತ್ತೇನೆ.

ಖರ್ಚು ಶೀಟ್, ಅಕ್ರಿಲಿಕ್, ಲ್ಯಾಬ್ ಎಲ್ಲ ಸೇರಿ ಒಂದೂವರೆ ಸಾವಿರದ ಮೇಲೆ. ನಾನು ತಗೊಳ್ಳೋದು ಐದು ಸಾವಿರದ ಹತ್ತಿರ, ಮೂರು ತಿಂಗಳ ವಿಸಿಟ್ ಅದರಲ್ಲೇ ಸೇರಿದೆ. ಪ್ರತಿ ಸಲ ಬೇರೆ ಫೀಸ್ ಕೇಳುತ್ತಿದ್ದಾಗ ಎರಡನೇ ವಾರಕ್ಕೇ ಜನ ಬರುವುದು ನಿಲ್ಲಿಸುತ್ತಿದ್ದರು.