ಲೇಸರ್ ಮತ್ತು ದ್ಯುತಿವಿಜ್ಞಾನದ ದೊಡ್ಡ ಸಮ್ಮೇಳನಕ್ಕೆ ಹೊರಡುವ ಮುನ್ನ

ಪುಣೆಯ ಐಸರ್ ಮತ್ತು ಎನ್‌ಸಿಎಲ್, ಮುಂಬೈಯ ಟಿಐಎಫ್‌ಆರ್ ಮತ್ತು ಪವಯಿಯ ಐಐಟಿಯಂತಹ ಸಂಸ್ಥೆಗಳಲ್ಲಿ ಸಂಶೋಧನೆ ಮಾಡುವ ಕನ್ನಡದ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ ಸಿದ್ಧವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಫೋಟಾನಿಕ್ಸ್ ವೆಸ್ಟ್, ಅಮೆರಿಕದಲ್ಲೇ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುವ ಕ್ಲಿಯೋ (CLEO), ಬೆಸ ವರ್ಷಗಳ ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ಸೇರುವ ಕ್ಲಿಯೋ ಯುರೋಪ್ ಈ ಸಮ್ಮೇಳನಗಳಲ್ಲಿ ಯಾವುದಕ್ಕೆ ಹೋದರೂ ಒಂದೇ ಹೊತ್ತಿನಲ್ಲಿ ಹಲವಾರು ಸಭಾಂಗಣಗಳಲ್ಲಿ ಗೋಷ್ಠಿಗಳು ನಡೆಯುತ್ತಿರುತ್ತವೆ. ಎಲ್ಲವನ್ನೂ ಕೇಳುತ್ತೇನೆಂದು ಹೊರಟವರು ಏನನ್ನೂ ಸರಿಯಾಗಿ ಕೇಳದೆ ಮರಳುತ್ತಾರೆ. ಆದ್ದರಿಂದ ಯಾವುದನ್ನು ಬಿಡಬೇಕೆಂಬ ನಿರ್ಧಾರವು ವಿಮಾನ ಹತ್ತುವ ಮೊದಲೇ ಆಗಿರಬೇಕು.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳಿಬಿಡಬಹುದು. ಪ್ರಬಂಧ ಸ್ವೀಕಾರವಾದ ಪತ್ರ ಕೈಸೇರಿದ ದಿನವೇ ಪ್ರಯಾಣ ಧನಸಹಾಯಕ್ಕೂ ವೀಸಾಕ್ಕೂ ಅರ್ಜಿ ಹಾಕುವುದು ಒಳ್ಳೆಯದು. ಅಮೆರಿಕದ ವೀಸಾ ಸಂದರ್ಶನಕ್ಕೆ ಪುಣೆಯವರು ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ದೂತಾವಾಸಕ್ಕೆ ಹೋಗಬೇಕಾಗುತ್ತದೆ. ಜರ್ಮನಿಗೆ ಹೊರಟವರು ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಅದಕ್ಕೆ ಕಡ್ಡಾಯ.

ಕಾರ್ಯಕ್ರಮಪಟ್ಟಿ ಪ್ರಕಟವಾದ ಕೂಡಲೇ ಅದನ್ನು ಓದಲು ಒಂದು ಇಡೀ ಮಧ್ಯಾಹ್ನವನ್ನು ಮೀಸಲಿಡಬೇಕು. ಪ್ರತಿ ಉಪನ್ಯಾಸಕ್ಕೂ ಒಂದು ಸಂಕೇತವಿರುತ್ತದೆ, ಅದನ್ನು ಬಿಡಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಕ್ಲಿಯೋದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕ್ರಮದಲ್ಲಿ ‘ಎಸ್‌ಎಂ2ಎ.3’ ಎಂದಿದ್ದರೆ ಎಸ್ ಎಂಬುದು ವಿಜ್ಞಾನ ಮತ್ತು ನಾವೀನ್ಯ ವಿಭಾಗವನ್ನು, ಎಂ ಸೋಮವಾರವನ್ನು, 2 ಆ ದಿನದ ಎರಡನೆಯ ಅವಧಿಯನ್ನು, ಎ ಏಕಕಾಲದಲ್ಲಿ ನಡೆಯುವ ಗೋಷ್ಠಿಗಳಲ್ಲಿ ಒಂದನ್ನು, ಕೊನೆಯ 3 ಆ ಗೋಷ್ಠಿಯ ಮೂರನೆಯ ಉಪನ್ಯಾಸವನ್ನು ಸೂಚಿಸುತ್ತದೆ. ಸಂಕೇತದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಯಾದ್ದರಿಂದ ಆಯಾ ವರ್ಷದ ಪಟ್ಟಿಯ ಆರಂಭದಲ್ಲಿರುವ ವಿವರಣೆಯನ್ನು ನೋಡಿಕೊಳ್ಳಬೇಕು. ಕ್ಲಿಯೋಗೆ ಪ್ರಬಂಧ ಕಳಿಸುವವರು 35 ಪದಗಳ ಸಾರಾಂಶವೊಂದನ್ನು ಕೊಡಬೇಕಾಗಿರುವುದರಿಂದ, ಪಟ್ಟಿ ಓದುವಾಗ ಆ 35 ಪದಗಳಲ್ಲಿ ತರಂಗಾಂತರ, ಪಲ್ಸಿನ (ಬೆಳಕಿನ ಮಿಡಿತದ) ಅವಧಿ, ಪವರ್ ಮುಂತಾದ ಅಂಕಿಗಳಿವೆಯೇ ಎಂದು ಗಮನಿಸಬೇಕು. ಅಂಕಿಯಿಲ್ಲದೆ ಬರೀ ‘ಹೊಸ ಬಗೆಯ ಫೈಬರ್ ಲೇಸರ್’ ಎಂದಿರುವುದನ್ನು ನಾನಾದರೆ ಬಿಟ್ಟುಬಿಡುತ್ತೇನೆ. ನಮ್ಮ ಸಾರಾಂಶವನ್ನೂ ಇತರರು ಇದೇ ಕಣ್ಣಿನಿಂದ ಓದುತ್ತಾರೆಂಬುದು ಬರೆಯುವಾಗ ನೆನಪಿರಲಿ.

ಹದಿನೈದು ನಿಮಿಷಕ್ಕೊಮ್ಮೆ ಸಭಾಂಗಣ ಬದಲಿಸುತ್ತಾ ಓಡಾಡುವುದು ಕಾಗದದ ಮೇಲೆ ಸಾಧ್ಯವೆನಿಸಿದರೂ ವ್ಯರ್ಥ. ದಿನಕ್ಕೆ ಒಂದು ಗೋಷ್ಠಿಯನ್ನು ಆರಿಸಿಕೊಂಡು, ಆಹ್ವಾನಿತ ಉಪನ್ಯಾಸದಿಂದ ಹಿಡಿದು ಕೊನೆಯ ವಿದ್ಯಾರ್ಥಿಯ ಮಾತಿನವರೆಗೆ ಪೂರ್ತಿ ಕುಳಿತು ಕೇಳುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಒಂದೇ ಪ್ರಶ್ನೆಗೆ ಬೇರೆ ಬೇರೆ ಗುಂಪುಗಳು ಹಿಡಿದ ದಾರಿಗಳು ಅಲ್ಲಿ ಒಟ್ಟಿಗೆ ಕಾಣುತ್ತವೆ. ಉಳಿದ ಹೊತ್ತನ್ನು ಪೋಸ್ಟರ್‌ಗಳಿಗೂ ವಸ್ತುಪ್ರದರ್ಶನಕ್ಕೂ ಕೊಡಬೇಕು.

ವಸ್ತುಪ್ರದರ್ಶನವನ್ನು ಜಾತ್ರೆಯೆಂದು ಭಾವಿಸಿ ಪೆನ್ನು, ಚೀಲ ಸಂಗ್ರಹಿಸಿ ಬರುವವರೇ ಬಹಳ. ಆದರೆ ಲೇಸರ್ ತಯಾರಿಸುವ ಎಂಜಿನಿಯರನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಅವಕಾಶ ನಮ್ಮವರಿಗೆ ಸಿಗುವುದು ಅಲ್ಲೇ. ಆದ್ದರಿಂದ ಪ್ರಯೋಗಾಲಯಕ್ಕೆ ಬೇಕಾದ ಉಪಕರಣಗಳ ಪಟ್ಟಿಯನ್ನು ಅಂಕಿಗಳ ಸಮೇತ ಬರೆದುಕೊಂಡು ಹೋಗಬೇಕು. ಫೆಮ್ಟೋಸೆಕೆಂಡ್ (ಸೆಕೆಂಡಿನ 10¹⁵ರಲ್ಲಿ ಒಂದು ಭಾಗ) ಲೇಸರ್ ನೋಡುವುದಾದರೆ, ಹೇಳಿದ ಪಲ್ಸ್ ಅವಧಿಯು, ಪಲ್ಸನ್ನು ಅದರದೇ ಪ್ರತಿಯೊಂದಿಗೆ ಹೋಲಿಸಿ ಅಳೆಯುವ ಆಟೋಕೊರಿಲೇಟರಿನ ವಕ್ರರೇಖೆಯ ಅಗಲವೋ ಅಥವಾ ಅದರಿಂದ ಲೆಕ್ಕ ಹಾಕಿದ ನಿಜವಾದ ಅವಧಿಯೋ ಎಂದು ಮೊದಲು ಕೇಳಬೇಕು. ವಕ್ರರೇಖೆಯ ಅಗಲ 150 ಫೆಮ್ಟೋಸೆಕೆಂಡ್ ಇದ್ದರೆ, ಪಲ್ಸಿನ ಆಕಾರ ಗಾಸಿಯನ್ ಎಂಬ ಗಂಟೆಯಾಕಾರ ಎಂದುಕೊಂಡಾಗ ಅವಧಿ ಸುಮಾರು 106, ಸೆಕ್ ವರ್ಗ (sech²) ಎಂಬ ಇನ್ನೊಂದು ಆಕಾರ ಎಂದುಕೊಂಡಾಗ ಸುಮಾರು 97 ಎಂದಾಗುತ್ತದೆ. ಕರಪತ್ರದಲ್ಲಿ ‘100ಕ್ಕಿಂತ ಕಡಿಮೆ’ ಎಂದು ಅಚ್ಚಾಗುವುದು ಯಾವುದೆಂದು ಹೇಳಬೇಕಾಗಿಲ್ಲ. ಕನ್ನಡಿ ಕೊಳ್ಳುವವರು ಹಾನಿಯ ಮಿತಿಯನ್ನು, ಅಂದರೆ ಕನ್ನಡಿ ಕೆಡದೆ ತಾಳಬಲ್ಲ ಬೆಳಕಿನ ಪ್ರಮಾಣವನ್ನು, ಯಾವ ಪಲ್ಸ್ ಅವಧಿಗೆ ಅಳೆದಿದ್ದಾರೆಂದು ವಿಚಾರಿಸಬೇಕು. 10 ನ್ಯಾನೋಸೆಕೆಂಡಿನ ಪಲ್ಸಿಗೆ ಕೊಟ್ಟ ಅಂಕಿ ಫೆಮ್ಟೋಸೆಕೆಂಡ್ ಪಲ್ಸಿಗೆ ಅನ್ವಯಿಸುವುದಿಲ್ಲ.

ಇವುಗಳ ಜೊತೆಗೆ ನಮ್ಮ ಊರಿಗೇ ಸೇರಿದ ಒಂದು ಪ್ರಶ್ನೆಯಿದೆ. ಲೇಸರನ್ನು ತಂಪಾಗಿಡುವ ಚಿಲ್ಲರಿನ ನೀರು ಎಷ್ಟೋ ಕಡೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜುಲೈ ತಿಂಗಳಲ್ಲಿ ಮುಂಬೈಯ ಗಾಳಿಯ ಇಬ್ಬನಿ ಬಿಂದು (ತೇವ ಹನಿಗಟ್ಟತೊಡಗುವ ಉಷ್ಣತೆ) 25 ಡಿಗ್ರಿಯ ಸುಮಾರಿಗಿರುವುದರಿಂದ, ರಾತ್ರಿ ಎಸಿ ಕೈಕೊಟ್ಟು ಚಿಲ್ಲರ್ ಮಾತ್ರ ಓಡುತ್ತಿದ್ದರೆ ಡಯೋಡಿನ ಲೋಹದ ತಳದ ಮೇಲೆ ಬೆಳಗಾಗುವಷ್ಟರಲ್ಲಿ ನೀರ ಹನಿಗಳು ಸಾಲುಗಟ್ಟಿರುತ್ತವೆ. ಲೇಸರಿನ ಪೆಟ್ಟಿಗೆ ಗಾಳಿಯಾಡದಂತೆ ಮುಚ್ಚಿದೆಯೇ, ತೇವಾಂಶ ಹೆಚ್ಚಾದಾಗ ತಾನಾಗಿ ನಿಲ್ಲುವ ವ್ಯವಸ್ಥೆಯಿದೆಯೇ, ರಿಪೇರಿಗೆ ಬರುವ ಎಂಜಿನಿಯರ್ ಭಾರತದಲ್ಲೇ ಇದ್ದಾರೆಯೇ ಅಥವಾ ಪೆಟ್ಟಿಗೆಯನ್ನೇ ಹಡಗು ಹತ್ತಿಸಬೇಕೇ ಎಂಬುದನ್ನು ಬೆಲೆಗಿಂತ ಮೊದಲು ಕೇಳಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ದೊಡ್ಡ ಖರೀದಿ ಟೆಂಡರ್ ಮೂಲಕ ನಡೆಯುವುದರಿಂದ, ಮೆಚ್ಚಿದ ಒಂದೇ ಮಳಿಗೆಯಲ್ಲಿ ನಿಲ್ಲದೆ ಮೂರು ನಾಲ್ಕು ತಯಾರಕರಿಂದ ಇದೇ ಉತ್ತರಗಳನ್ನು ಪಡೆದಿಟ್ಟುಕೊಂಡರೆ ಮುಂದೆ ತಾಂತ್ರಿಕ ವಿವರಗಳನ್ನು ಬರೆಯುವುದು ಸುಲಭವಾಗುತ್ತದೆ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಳಿಗೆಗಳವರು ಗಂಟುಮೂಟೆ ಕಟ್ಟತೊಡಗುತ್ತಾರೆ, ಆದ್ದರಿಂದ ಈ ಕೆಲಸವನ್ನು ಮೊದಲೆರಡು ದಿನಗಳಲ್ಲೇ ಮುಗಿಸಬೇಕು.

ನಮ್ಮ ಉಪನ್ಯಾಸಕ್ಕೆ 15 ನಿಮಿಷ ಕೊಟ್ಟಿದ್ದರೆ 12 ನಿಮಿಷ ಮಾತು, ಉಳಿದದ್ದು ಪ್ರಶ್ನೆಗೆ ಎಂದು ಲೆಕ್ಕವಿಟ್ಟುಕೊಳ್ಳಬೇಕು. ಲೇಸರ್ ಸಮ್ಮೇಳನದಲ್ಲೇ ಲೇಸರ್ ಪಾಯಿಂಟರ್ ಕೆಲಸಕ್ಕೆ ಬಾರದಿರುವುದು ತಮಾಷೆಯೆನಿಸಬಹುದು, ಆದರೆ ಎಲ್‌ಇಡಿ ಪರದೆಯ ಮೇಲೆ ಅದರ ಚುಕ್ಕೆ ಸರಿಯಾಗಿ ಕಾಣುವುದಿಲ್ಲ. ಮೌಸಿನಿಂದಲೇ ತೋರಿಸಲು ಅಭ್ಯಾಸ ಮಾಡಿಕೊಳ್ಳಬೇಕು. ತಾಲೀಮನ್ನು ಗುಂಪಿನ ಸಭೆಯಲ್ಲಿ ಇಂಗ್ಲಿಷಿನಲ್ಲಿ ನಡೆಸುವುದು ಹೇಗೂ ಇದ್ದೇ ಇದೆ. ಅದಕ್ಕೂ ಮೊದಲು ಹಾಸ್ಟೆಲಿನಲ್ಲಿರುವ ಬೇರೆ ವಿಭಾಗದ ಗೆಳೆಯರ ಮುಂದೆ ಕನ್ನಡದಲ್ಲಿ ಎರಡು ನಿಮಿಷ ವಿವರಿಸಿ ನೋಡಬೇಕು. ಪುಣೆಯಲ್ಲಿ ಬೆಳಗಾವಿ, ಧಾರವಾಡ ಕಡೆಯವರಿಗೆ ಬರವಿಲ್ಲ. ಅವರಲ್ಲೊಬ್ಬರು ‘ಅಲ್ಲೋ, ಇದರಾಗ ನೀ ಮಾಡಿದ್ದು ಏನು, ಮೊದಲ ಇದ್ದದ್ದು ಏನು?’ ಎಂದು ಕೇಳಿದಾಗ ತಡವರಿಸಿದರೆ, ಸ್ಲೈಡುಗಳ ಕ್ರಮವನ್ನೇ ಬದಲಿಸಬೇಕೆಂದು ಅರ್ಥ.

ಪೋಸ್ಟರ್ ಇದ್ದವರು ಫಲಕದ ಅಳತೆಯನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಎತ್ತರದ ಎ0 ಹಾಳೆ ಎಲ್ಲೆಡೆ ನಡೆಯುತ್ತದೆಂದು ಊಹಿಸಬಾರದು. ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಕೈಚೀಲದಲ್ಲಿಟ್ಟುಕೊಳ್ಳಬಹುದು, ಹೊಳೆಯುವ ಫ್ಲೆಕ್ಸಿನಂತೆ ದೀಪದ ಬೆಳಕನ್ನು ಅದು ಪ್ರತಿಫಲಿಸುವುದೂ ಇಲ್ಲ.

ಪ್ರಯಾಣದ ದಿನವನ್ನು ಗೊತ್ತುಮಾಡುವಾಗ ಗಡಿಯಾರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಅಂದರೆ ಅಲ್ಲಿನ ಮಧ್ಯಾಹ್ನದ ಗೋಷ್ಠಿ ನಮ್ಮ ದೇಹಕ್ಕೆ ನಡುರಾತ್ರಿ ಕಳೆದ ಹೊತ್ತು. ಸೋಮವಾರ ಮಾತನಾಡಬೇಕಿರುವವರು ಶುಕ್ರವಾರವೇ ತಲುಪುವಂತೆ ಟಿಕೆಟ್ ತೆಗೆಸಬೇಕು. ಮ್ಯೂನಿಕ್‌ಗೆ ಜೂನ್‌ನಲ್ಲಿ ಹೋಗುವವರಿಗೆ ಅಂತರ ಮೂರೂವರೆ ಗಂಟೆ ಮಾತ್ರ, ಹಿಂದಿನ ದಿನ ತಲುಪಿದರೂ ಸಾಕು.