ರೋಗಿಯ ಮನೆಗೆ ಪ್ರಾರ್ಥನೆಗೆ ಹೋಗುವ ಮುಂಚೆ

ಚಳ್ಳಕೆರೆ, ಜಗಳೂರು ಕಡೆಯ ಹಳ್ಳಿಗಳಿಗೆ ಸುವಾರ್ತೆ ಸೇವೆಗೆ, ಅಂದರೆ ಯೇಸುವಿನ ಸಂದೇಶ ಸಾರಲು ಹೊರಟವರಿಗೆ ಇದು. ದೇವರು ಅದ್ಭುತ ಮಾಡುತ್ತಾನೆ ಅಂತ ನಮ್ಮ ಕಡೆ ಜನರನ್ನು ನಂಬಿಸುವುದು ಕಷ್ಟವೇ ಅಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಪವಾಡ ಕೇಳಿಕೊಂಡೇ ಬೆಳೆದವರು ಅವರು. ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತು ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಯೇಸುಸ್ವಾಮಿ ವಾಸಿ ಮಾಡುತ್ತಾರೆ ಅಂತಷ್ಟೇ ಹೇಳಿ ಬಂದರೆ ದೇವರ ಕೋಣೆಯಲ್ಲಿ ಇನ್ನೊಂದು ಫೋಟೋ ಸೇರುತ್ತದೆ, ಅಷ್ಟೇ.

ಯೇಸುವಿನ ಅಪೊಸ್ತಲರಾದ ಪೌಲ, ಬಾರ್ನಬರಿಗೂ ಲುಸ್ತ್ರ ಅನ್ನುವ ಊರಲ್ಲಿ ಇದೇ ಆಯಿತು. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ತೆಗೆದು ನೋಡಿ. ಹುಟ್ಟಿನಿಂದ ನಡೆಯದಿದ್ದವನು ಎದ್ದು ನಡೆದ. ಊರವರು ದೇವರುಗಳೇ ಇಳಿದು ಬಂದರು ಅಂತ ಎತ್ತು, ಹೂವಿನ ಹಾರ ತಂದು ಬಲಿ ಕೊಡಲು ನಿಂತರು, ಇವರಿಬ್ಬರೂ ಬಟ್ಟೆ ಹರಿದುಕೊಂಡು ನಾವೂ ನಿಮ್ಮಂಥ ಮನುಷ್ಯರೇ ಅಂತ ಕೂಗಿಕೊಂಡರೂ ಜನರನ್ನು ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಅದೇ ಊರಲ್ಲಿ ಪೌಲನಿಗೆ ಕಲ್ಲೇಟು ಬಿತ್ತು. ಹಾಗಾಗಿ ಯಾರ ಹೆಸರಲ್ಲಿ ಪ್ರಾರ್ಥಿಸುತ್ತೀರಿ, ಆತ ಯಾರು ಅನ್ನುವುದನ್ನು ಮೊದಲೇ ಬಿಡಿಸಿ ಹೇಳಿ.

ಕರೆದರೆ ಮಾತ್ರ ಹೋಗಿ. ಅತ್ತೆ ಕರೆದಿದ್ದರೂ ಹಾಸಿಗೆ ಹಿಡಿದ ಸೊಸೆಯನ್ನೇ ಕೇಳಿ, 'ಪ್ರಾರ್ಥನೆ ಮಾಡಬಹುದೇನಮ್ಮಾ?' ಅಂತ. ರೋಗಿ ಹೆಂಗಸಾದರೆ ಸಭೆಯ ಒಬ್ಬ ಅಕ್ಕನೂ ಜೊತೆಗಿರಲಿ. ಯಾಕೋಬನ ಪತ್ರಿಕೆ 5ರಲ್ಲಿರುವಂತೆ ಎಣ್ಣೆ ಹಚ್ಚುವುದಾದರೆ ಹಣೆಗೆ ಒಂದು ತೊಟ್ಟು ಸಾಕು, ಮನೆಯ ಎಣ್ಣೆಯೇ ಆಗುತ್ತದೆ. ಬಾಟಲಿಗೆ ತುಂಬಿ ಮಾರುವವರ ಸಹವಾಸ ಬೇಡ. ಕೂಗಬೇಡಿ, ಜ್ವರ ಬಂದವರಿಗೆ ಮೊದಲೇ ತಲೆ ಸಿಡಿಯುತ್ತಿರುತ್ತದೆ, ಅಲ್ವಾ? ತಲೆ ಒತ್ತಿ ಬೀಳಿಸುವುದಂತೂ ಬೇಡವೇ ಬೇಡ.

ಔಷಧಿ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಬಿಪಿ, ಶುಗರ್, ಫಿಟ್ಸ್ ಮಾತ್ರೆ ಬಿಡಿ ಅಂತ ಯಾವತ್ತೂ ಹೇಳಬೇಡಿ. ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರುಕಳಿಸಬಹುದು. ಟಿಬಿ ಮಾತ್ರೆ ನಡುವೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಹಾವು ಕಚ್ಚಿದ ಮನೆಯಾದರೆ ಮೊದಲು 108ಕ್ಕೆ ಫೋನ್ ಮಾಡಿ, ಪ್ರಾರ್ಥನೆ ಆಂಬುಲೆನ್ಸ್‌ನಲ್ಲಿ ಮಾಡಿ. ಹಾವು, ನಾಯಿ, ಚೇಳು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಆಸ್ಪತ್ರೆಗೆ ಹೋದರೆ ನಂಬಿಕೆ ಕಡಿಮೆ ಅನ್ನುವ ಮಾತು ಎಲ್ಲಿಂದ ಹುಟ್ಟಿತೋ! ಮೈಸೂರಿನ ಮಿಷನ್ ಆಸ್ಪತ್ರೆಯನ್ನು ಕಟ್ಟಿದವರು ಮಿಷನರಿಗಳೇ ತಾನೇ?

ಗುಣವಾಯಿತು ಅಂದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ಹೋಗಿ ತೋರಿಸಿಕೊಂಡು ಬರಲಿ. ಹತ್ತು ಮಂದಿ ಕುಷ್ಠರೋಗಿಗಳಿಗೆ ಯೇಸು ಹೇಳಿದ್ದೂ ಯಾಜಕರಿಗೆ ಹೋಗಿ ಮೈ ತೋರಿಸಿ ಅಂತಲೇ.

ಗುಣವಾಗದಿದ್ದರೆ? 'ನಿಮ್ಮ ನಂಬಿಕೆ ಸಾಲದು' ಅನ್ನುವ ಮಾತು ಬಾಯಿಗೆ ಬರಬಾರದು. ನೋವಲ್ಲಿರುವವರ ಮೇಲೆ ತಪ್ಪನ್ನೂ ಹೊರಿಸಿ ಬರುವುದು ಕ್ರೂರತನ. ಅಷ್ಟೊಂದು ಅದ್ಭುತ ಮಾಡಿದ ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಅನ್ನುವ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಹೊಟ್ಟೆನೋವಿನ ಶಿಷ್ಯ ತಿಮೊಥೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ. ನೀವು ಸುಮ್ನೆ ಮತ್ತೆ ಹೋಗಿ, ಕೂತು ಬನ್ನಿ.

ಆ ಮನೆಯಲ್ಲಿ ಕಾಣಿಕೆ ಮುಟ್ಟಬೇಡಿ. ಸಮಾರ್ಯದ ಸೀಮೋನ ದೇವರ ವರವನ್ನು ಕೊಳ್ಳಲು ಹಣ ಚಾಚಿದಾಗ ಅಪೊಸ್ತಲ ಪೇತ್ರ ಹೇಗೆ ಬೈದ ಅನ್ನುವುದು ಗೊತ್ತಿದೆಯಲ್ಲ. ಮಂಡಕ್ಕಿ, ಮಿರ್ಚಿ ಕೊಟ್ಟರೆ ಧಾರಾಳವಾಗಿ ತಿನ್ನಿ. ಗುಣವಾದರೆ ದೀಕ್ಷಾಸ್ನಾನ ತಗೊಳ್ಳಬೇಕು ಅನ್ನುವ ಷರತ್ತೂ ಬೇಡ.

ಇನ್ನು ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ಹೇಗೆ ಗುಣ ಮಾಡಿದ ಅಂತ, ಹೇಳುವಾಗ ಆಪರೇಷನ್ ಆಗಿದ್ದರೆ ಅದನ್ನೂ ಸೇರಿಸಿಯೇ ಹೇಳಿ. ಅವರನ್ನು ಕೇಳದೆ ಹೆಸರು, ಕಾಯಿಲೆ ಎತ್ತಬೇಡಿ. ವಿಡಿಯೋ ಮಾಡಿದ್ದರೆ ವಾಟ್ಸಾಪ್‌ಗೆ ಹಾಕುವ ಮುಂಚೆ ಅವರಿಗೇ ತೋರಿಸಿ, ಬೇಡ ಅಂದರೆ ಅಲ್ಲೇ ಡಿಲೀಟ್ ಮಾಡಿ.