ಎಡಿಟ್ ಬಟನ್ ಜಗಳ: ಹವಾಮಾನ ಡೆಸ್ಕ್‌ನಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಖಾಸಗಿ ಹವಾಮಾನ ಮುನ್ಸೂಚನೆ ಕಂಪನಿಯಲ್ಲಿ ಫೋರ್‌ಕಾಸ್ಟ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಕಂಪನಿಯ ಹೆಸರು ಬೇಡ. ಕಾಫಿ ತೋಟದವರು, ಗಾಳಿ ವಿದ್ಯುತ್ ಕಂಪನಿಗಳು, ಕಾಂಕ್ರೀಟ್ ಹಾಕಿಸುವ ಕಂಟ್ರಾಕ್ಟರುಗಳು ನಮ್ಮ ಗಿರಾಕಿಗಳು. ನನಗಿಂತ ಹಿರಿಯರಿಬ್ಬರು ಒಂದೇ ವಾರದಲ್ಲಿ ರಾಜೀನಾಮೆ ಬಿಸಾಕಿ ಹೋದರು, ಉಳಿದವರಲ್ಲಿ ಸೀನಿಯರ್ ನಾನೇ ಆದೆ. ಡೆಸ್ಕ್ ನನ್ನ ತಲೆಗೆ ಬಂದದ್ದು ಹಾಗೆ.

ಕಂಪನಿ ಕಟ್ಟಿದವರು ಹವಾಮಾನದ ನಕ್ಷೆ ನೋಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಹೊರಗಿನ ಹೂಡಿಕೆ ಬಂತು. ಮೇಷ್ಟ್ರನ್ನು ಸಲಹೆಗಾರರು ಅಂತ ಮಾಡಿ ಪಕ್ಕದ ಕೋಣೆಗೆ ಕಳಿಸಿದರು. ಹೊಸ ಸಿಇಒ ಡೆಲಿವರಿ ಆ್ಯಪ್ ಒಂದರಿಂದ ಬಂದವರು. ಕೆಟ್ಟ ಮನುಷ್ಯ ಅಲ್ಲ, ಕೆಲಸಗಾರ. ಆದರೆ ಮಳೆಯೂ ಪಾರ್ಸೆಲ್ ಥರ ಹೇಳಿದ ಹೊತ್ತಿಗೆ ಹೇಳಿದ ವಿಳಾಸಕ್ಕೆ ತಲುಪಬೇಕು ಅನ್ನುವ ನಿರೀಕ್ಷೆ ಅವರದು.

ಜಗಳದ ಮೂಲ ತುಂಬಾ ಸಣ್ಣದು. ನಮ್ಮ ಸಿಸ್ಟಮ್‌ನಲ್ಲಿ ಮಾಡೆಲ್, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಕೊಟ್ಟ ಸಂಖ್ಯೆಯ ಪಕ್ಕದಲ್ಲಿ ಒಂದು ಎಡಿಟ್ ಬಟನ್ ಇತ್ತು. ಮಾಡೆಲ್ ನಾಳೆ ಮೂಡಿಗೆರೆಗೆ ಶೇ. 40 ಮಳೆ ಸಾಧ್ಯತೆ ಅಂದರೆ, ಡ್ಯೂಟಿಯಲ್ಲಿರುವವರು ನಕ್ಷೆ, ರಾಡಾರ್, ಇನ್ಸಾಟ್ ಉಪಗ್ರಹದ ಚಿತ್ರ ನೋಡಿ ಅದನ್ನು 70 ಮಾಡಬಹುದು, 10 ಮಾಡಬಹುದು. ಘಟ್ಟದ ವಿಷಯದಲ್ಲಿ ಇದು ಬೇಕೇ ಬೇಕು. ಜಾಗತಿಕ ಮಾಡೆಲ್‌ಗಳು ಭೂಮಿಯನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ನೋಡುತ್ತವೆ. ಅಷ್ಟರೊಳಗೆ ಘಟ್ಟದ ಪಶ್ಚಿಮಕ್ಕೆ ಧೋ ಅಂತ ಸುರಿದು ಪೂರ್ವಕ್ಕೆ ಬರೀ ಮೋಡ ಆಗಿರುತ್ತದೆ. ಡೇಟಾ ತಂಡದ ಹುಡುಗರ ತಕರಾರು ಬೇರೆ. ‘ನಾವು ತಿಂಗಳುಗಟ್ಟಲೆ ಕೂತು ಮಾಡೆಲ್ ತಿದ್ದುತ್ತೇವೆ, ನೀವು ಮನಸ್ಸಿಗೆ ಬಂದ ಹಾಗೆ ನಂಬರ್ ಬದಲಾಯಿಸ್ತೀರಿ, ತಪ್ಪು ಯಾರದು ಅಂತ ಗೊತ್ತಾಗೋದು ಹೇಗೆ?’ ಅವರು ಕೇಳಿದ್ದರಲ್ಲಿ ನ್ಯಾಯ ಇತ್ತು. ತಿದ್ದಿದ ಮೇಲೆ ಹಳೆಯ ಸಂಖ್ಯೆ ಅಳಿಸಿಹೋಗುತ್ತಿತ್ತು.

2022ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್ ಸುದ್ದಿ ಬಂತು. ಹಂಗೇರಿಯಲ್ಲಿ ಆಗಸ್ಟ್ 20 ದೊಡ್ಡ ರಾಷ್ಟ್ರೀಯ ಹಬ್ಬ. ರಾತ್ರಿ ಡಾನ್ಯೂಬ್ ನದಿ ಮೇಲೆ ಭಾರಿ ಪಟಾಕಿ ಪ್ರದರ್ಶನ. ಬಿರುಗಾಳಿ ಬರಬಹುದು ಅಂತ ಅಲ್ಲಿನ ಹವಾಮಾನ ಸಂಸ್ಥೆ ಹೇಳಿತು, ಸರ್ಕಾರ ಪ್ರದರ್ಶನ ಮುಂದಕ್ಕೆ ಹಾಕಿತು, ಬಿರುಗಾಳಿ ನಗರಕ್ಕೆ ಬರಲೇ ಇಲ್ಲ. ಸೋಮವಾರ ಸಂಸ್ಥೆಯ ಮುಖ್ಯಸ್ಥೆಯನ್ನೂ ಉಪಮುಖ್ಯಸ್ಥರನ್ನೂ ಸಚಿವರು ಕೆಲಸದಿಂದ ತೆಗೆದರು. ಅದೇ ಹಬ್ಬದ ರಾತ್ರಿ, 2006ರಲ್ಲಿ, ಬಿರುಗಾಳಿ ಜನರ ಮಧ್ಯೆ ನುಗ್ಗಿ ಸಾವುಗಳಾಗಿದ್ದವು. ಆ ನೆನಪಿಟ್ಟುಕೊಂಡು ಎಚ್ಚರಿಕೆ ಕೊಟ್ಟವರು ಮನೆಗೆ ಹೋದರು. ನಮ್ಮ ಡೆಸ್ಕ್‌ನ ವಾಟ್ಸಾಪ್ ಗುಂಪಿನಲ್ಲಿ ಈ ಸುದ್ದಿ ಓಡಾಡಿತು. ‘ನಮ್ಮ ಸರದಿ ಯಾವಾಗ?’ ಅಂತ ಒಬ್ಬರು ತಮಾಷೆ ಮಾಡಿದರು.

ಸರದಿ ಬಂದದ್ದು ಕಾಫಿ ಕೊಯ್ಲಿನ ಕಾಲಕ್ಕೆ. ಕೊಯ್ದ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ. ಅದರ ಮೇಲೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ರೇಟು ಬೀಳುತ್ತದೆ. ನಮ್ಮ ಸೀನಿಯರ್ ಒಬ್ಬರು ಶನಿವಾರ ಸಂಜೆ ಸಂಖ್ಯೆ ಏರಿಸಿ ತೋಟಗಳಿಗೆ ಮಳೆ ಮೆಸೇಜ್ ಹಾಕಿದರು. ಭಾನುವಾರ ತೋಟದವರು ಆಳುಗಳನ್ನು ಕರೆಸಿ, ಡಬಲ್ ಕೂಲಿ ಕೊಟ್ಟು, ಎಲ್ಲವನ್ನೂ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿಸಿದರು. ಬಿಸಿಲೋ ಬಿಸಿಲು. ಸೇಲ್ಸ್ ಮುಖ್ಯಸ್ಥರು ಸೋಮವಾರ ಎಲ್ಲರೂ ಇರುವ ಗುಂಪಿನಲ್ಲಿ ಆ ಸೀನಿಯರ್ ಹೆಸರು ಹಿಡಿದು ಬರೆದರು. ಶುಕ್ರವಾರದ ಹೊತ್ತಿಗೆ ಸಿಇಒ ಡೆಸ್ಕ್‌ನಿಂದ ಎಡಿಟ್ ಬಟನ್ ತೆಗೆಸಿದರು. ಮೊದಲೇ ಯಾರಿಗೂ ಹೇಳಿರಲಿಲ್ಲ, ಶಿಫ್ಟ್‌ಗೆ ಬಂದಾಗ ಬಟನ್ ಇರಲಿಲ್ಲ ಅಷ್ಟೆ. ಆ ಎರಡು ರಾಜೀನಾಮೆ ಬಿದ್ದದ್ದು ಆಗಲೇ.

ಮೇಷ್ಟ್ರ ಕೋಣೆಗೆ ಹೋದೆ. ‘ಬಟನ್ ವಾಪಸ್ ಕೊಡಿ ಅಂತ ಕೇಳಬೇಡಮ್ಮ. ಎರಡೂ ಸಂಖ್ಯೆ ಉಳಿಸಿ ಅಂತ ಕೇಳು’ ಅಂದರು. ಅಷ್ಟೇ ಕೇಳಿದೆ. ಮಾಡೆಲ್ ಕೊಟ್ಟದ್ದು ಒಂದು ಕಾಲಂ, ಡೆಸ್ಕ್ ಹೇಳುವುದು ಇನ್ನೊಂದು ಕಾಲಂ. ಸಂಜೆ ನಾಲ್ಕಕ್ಕೆ ಎರಡೂ ಲಾಕ್, ಆಮೇಲೆ ಸಿಇಒ ಬಂದರೂ ಮುಟ್ಟುವಂತಿಲ್ಲ. ಸದ್ಯಕ್ಕೆ ಗಿರಾಕಿಗೆ ಮಾಡೆಲ್ ಸಂಖ್ಯೆಯೇ ಹೋಗಲಿ. ಖರ್ಚಿಲ್ಲದ ಬೇಡಿಕೆ, ಹಾಗಾಗಿ ಸಿಇಒ ತಕ್ಷಣ ಒಪ್ಪಿದರು. ನನ್ನ ಡೆಸ್ಕ್‌ನವರೇ ಸಿಟ್ಟಾದರು, ಯಾರೂ ಓದದ ಫೋರ್‌ಕಾಸ್ಟ್ ಯಾಕೆ ಬರೆಯಬೇಕು ಅಂತ. ಮೊದಲ ವಾರ ಇಬ್ಬರು ಸುಮ್ನೆ ಮಾಡೆಲ್ ಸಂಖ್ಯೆಯನ್ನೇ ಕಾಪಿ ಮಾಡಿ ಹಾಕಿದರು. ನಾನೂ ಏನೂ ಅನ್ನಲಿಲ್ಲ. ಪಕ್ಕದ ಸೀಟಿನವರ ಸಂಖ್ಯೆ ಗೆಲ್ಲಲು ಶುರುವಾದ ಮೇಲೆ ಅವರೇ ಬರೆಯತೊಡಗಿದರು.

ಹೋಲಿಸಲು ನಿಜವಾದ ಮಳೆ ಬೇಕಲ್ವಾ? ಕೊಡಗು, ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಮಳೆ ಅಳೆದು ಬರೆದಿಡುವುದು ತಲೆಮಾರುಗಳ ಅಭ್ಯಾಸ. ಇಂದಿಗೂ ಮಿಲಿಮೀಟರ್ ಅನ್ನದೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಹೇಳುತ್ತಾರೆ: ‘ರಾತ್ರಿ ಅರವತ್ತು ಸೆಂಟ್ ಬಂತು ಮೇಡಂ’. ಅಂದರೆ ಸುಮಾರು 15 ಮಿ.ಮೀ. ಗಿರಾಕಿ ತೋಟಗಳ ರೈಟರುಗಳಿಂದ, ಅಂದರೆ ಲೆಕ್ಕ ಬರೆಯುವವರಿಂದ, ದಿನಾ ಆ ಲೆಕ್ಕ ತರಿಸಿಕೊಂಡೆವು.

ಇಲ್ಲಿ ಒಂದು ವಿಚಿತ್ರ ಸಿಕ್ಕಿತು. ಇಡೀ ಜಗಳದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇದೇ. ನಮ್ಮ ದೇಶದಲ್ಲಿ ಮಳೆಯ ದಿನ ಬೆಳಗ್ಗೆ 8.30ಕ್ಕೆ ಮುಗಿದು ಹೊಸದು ಶುರುವಾಗುತ್ತದೆ. ಡೆಸ್ಕ್ ಅದನ್ನೇ ಹಿಡಿದಿತ್ತು. ಡೇಟಾ ತಂಡ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕುತ್ತಿತ್ತು, ಅಂದರೆ ನಮ್ಮ 5.30ರಿಂದ 5.30. ತೋಟದ ರೈಟರು ಏಳು ಗಂಟೆಗೆ, ಆಳುಗಳಿಗೆ ಕೆಲಸ ಹಂಚುವ ಹೊತ್ತಲ್ಲಿ, ಅಳತೆ ಪಾತ್ರೆ ನೋಡುತ್ತಿದ್ದರು. ಬೆಳಗ್ಗೆ ಆರಕ್ಕೆ ಬಿದ್ದ ಮಳೆ ಡೇಟಾ ತಂಡಕ್ಕೆ ಹೊಸ ದಿನದ್ದು, ನಮಗೂ ರೈಟರಿಗೂ ಹಿಂದಿನ ದಿನದ್ದು. ಏಳೂವರೆಗೆ ಬಿದ್ದರೆ ನಮಗೆ ಹಿಂದಿನ ದಿನದ್ದು, ಮಿಕ್ಕ ಇಬ್ಬರಿಗೂ ಹೊಸ ದಿನದ್ದು. ಒಂದೇ ಮಳೆ, ಮೂರು ಡೈರಿ. ‘ನಿಮ್ಮ ಫೋರ್‌ಕಾಸ್ಟ್ ಫೇಲ್’ ‘ಇಲ್ಲ, ನಿಮ್ಮದೇ ಫೇಲ್’ ಅಂತ ಮೀಟಿಂಗ್‌ನಲ್ಲಿ ಟೇಬಲ್ ಕುಟ್ಟಿದ್ದ ಎಷ್ಟೋ ದಿನಗಳಲ್ಲಿ ಇಬ್ಬರೂ ಸರಿಯಾಗಿದ್ದರು. ಡೇಟಾ ತಂಡದ ಮುಖ್ಯಸ್ಥನನ್ನು ಕರೆದು ಈ ಸಾಲುಗಳನ್ನು ತೋರಿಸಿದೆ. ಅವನು ನಕ್ಕುಬಿಟ್ಟ. ಅವನೂ ನಾನೂ ಸರಿಯಾಗಿ ಮಾತಾಡಿದ್ದು ಅವತ್ತೇ ಮೊದಲು. 8.30ಕ್ಕೆ ಎಲ್ಲರೂ ಒಪ್ಪಿದೆವು. ರೈಟರುಗಳಿಗೆ ಏಳು ಗಂಟೆಯ ಅಭ್ಯಾಸ ಬಿಡಿಸಲು ಆಗಲಿಲ್ಲ, ಅಲ್ಲಿ ಮಳೆ ನಿಂತ ಹೊತ್ತನ್ನೂ ಬರೆಸಿಕೊಳ್ಳುತ್ತೇವೆ.

ಮುಂಗಾರು ಮುಗಿಯುವ ಹೊತ್ತಿಗೆ ಆ ಎರಡು ಕಾಲಂಗಳ ಟೇಬಲ್ ಮಾತಾಡತೊಡಗಿತು. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ, ಘಟ್ಟದ ಅಂಚಿನ ತೋಟಗಳಲ್ಲಿ ಡೆಸ್ಕ್ ಮುಂದೆ. ಮೂರು ದಿನದಾಚೆಗಿನ ಮುನ್ಸೂಚನೆಯಲ್ಲಿ, ಉಷ್ಣಾಂಶದಲ್ಲಿ, ಗಾಳಿಯಲ್ಲಿ ಮಾಡೆಲ್ ಮುಂದೆ. ಅಲ್ಲಿ ನಾವು ಕೈ ಹಾಕಿದಷ್ಟೂ ಕೆಡಿಸಿದ್ದೆವು. ಇನ್ನೊಂದು ಸಂಗತಿಯೂ ಕಂಡಿತು. ಯಾರಾದರೂ ಒಂದು ಮಳೆ ತಪ್ಪಿಸಿಕೊಂಡು ಬೈಸಿಕೊಂಡರೆ, ಮುಂದಿನ ಕೆಲವು ದಿನ ಅವರ ಸಂಖ್ಯೆಗಳು ಏರಿಯೇ ಇರುತ್ತಿದ್ದವು. ಬೈಗುಳ ಫೋರ್‌ಕಾಸ್ಟ್‌ನೊಳಗೆ ಮಳೆಯಾಗಿ ಸೇರುತ್ತಿತ್ತು. ಈ ಸಾಲುಗಳನ್ನು ಬೇರೆ ಮಾಡಿ ಸೇಲ್ಸ್ ಮುಖ್ಯಸ್ಥರ ಮುಂದಿಟ್ಟೆ. ಆಮೇಲೆ ದೂರು ಬಂದರೆ ಬುಲೆಟಿನ್ ನಂಬರ್ ಮಾತ್ರ, ಹೆಸರು ಹಾಕುವಂತಿಲ್ಲ ಅನ್ನುವ ನಿಯಮ ಬಂತು. ಅವರು ಕ್ಷಮೆ ಕೇಳಲಿಲ್ಲ, ನಿಯಮ ಮಾತ್ರ ಪಾಲಿಸಿದರು. ನನಗೆ ಅಷ್ಟು ಸಾಕಿತ್ತು.

ಸೇಲ್ಸ್‌ನವರ ಇನ್ನೊಂದು ಹಟ ‘ಮಳೆ ಬರುತ್ತೋ ಇಲ್ವೋ, ಒಂದೇ ಮಾತು ಹೇಳಿ’ ಅನ್ನುವುದು. ಇದಕ್ಕೆ ಗಿರಾಕಿಯನ್ನೇ ಕೇಳುವುದು ಸುಲಭ ಅನ್ನಿಸಿತು. ಸಕಲೇಶಪುರದ ಒಬ್ಬ ಹಿರಿಯ ಪ್ಲಾಂಟರ್‌ಗೆ ಫೋನ್ ಮಾಡಿ, ಎಷ್ಟು ಪರ್ಸೆಂಟ್ ಅಂದರೆ ಕಣ ಮುಚ್ಚಿಸ್ತೀರಿ ಸರ್ ಅಂದೆ. ‘ಇಪ್ಪತ್ತು ಅಂದ್ರೂ ಮುಚ್ಚಿಸ್ತೀನಿ ಕಣಮ್ಮ. ಕೂಲಿ ಹೋದ್ರೆ ಹೋಗ್ಲಿ, ಕಾಫಿ ನೆಂದ್ರೆ ವರ್ಷದ ದುಡ್ಡು ಹೋಯ್ತು.’ ಬೆಂಗಳೂರಿನ ಕಂಟ್ರಾಕ್ಟರ್ ಒಬ್ಬರು ಶೇ. 60ಕ್ಕಿಂತ ಕೆಳಗಿದ್ದರೆ ಮೆಸೇಜೇ ಬೇಡ ಅಂದರು. ರೆಡಿಮಿಕ್ಸ್ ಲಾರಿ ಬುಕ್ ಆಗಿರುತ್ತದೆ, ಸುಮ್ಮಸುಮ್ಮನೆ ಕ್ಯಾನ್ಸಲ್ ಮಾಡಲು ಆಗುವುದಿಲ್ಲ. ಮುನ್ಸೂಚನೆ ಒಂದೇ ಇರಲಿ, ಎಚ್ಚರಿಕೆ ಹೋಗುವ ಮಟ್ಟ ಗಿರಾಕಿಗೊಂದು ಇರಲಿ ಅಂತ ಮಾಡಿದೆವು. ಆ ಭಾನುವಾರದ ಮೆಸೇಜ್ ಬಗ್ಗೆ ಈ ಪ್ಲಾಂಟರ್‌ಗೆ ಬೇಸರವೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಸಿಟ್ಟಾಗಿದ್ದವರು ಬೇರೆ ಒಂದು ತೋಟದವರಂತೆ.

ಬಟನ್ ವಾಪಸ್ ಬಂತು, ಎರಡು ಷರತ್ತಿನ ಮೇಲೆ. ಬದಲಾಯಿಸಿದರೆ ಒಂದು ಸಾಲಿನ ಕಾರಣ ಬರೆಯಬೇಕು. ಮೂರು ದಿನದಾಚೆಗೆ ಕೈ ಹಾಕುವಂತಿಲ್ಲ. ‘ನನ್ನ ಅನುಭವ’ ಅಂತ ಕಾರಣ ಬರೆದರೆ ಒಪ್ಪುವುದಿಲ್ಲ. ‘ಮಧ್ಯಾಹ್ನ ಹಾಸನದ ಮೇಲೆ ಮೋಡ ಬೆಳೆಯುತ್ತಿದೆ, ಗಾಳಿ ಆಗ್ನೇಯಕ್ಕೆ ತಿರುಗಿದೆ’ ಅಂತ ಬರೆಯಬೇಕು. ಶಿಫ್ಟ್ ಬದಲಾಗುವಾಗ ಇಬ್ಬರೂ ಪರದೆ ಮುಂದೆ ನಿಂತು ಈ ಸಾಲುಗಳನ್ನು ಓದುತ್ತಾರೆ.

ಸಿಇಒ ವರ್ಷ ತುಂಬುವ ಮೊದಲೇ ಹೊರಟರು. ಮಂಡಳಿಯಲ್ಲಿ ಏನಾಯಿತೋ ನಮಗೆ ಹೇಳಲಿಲ್ಲ. ಮುಂದಿನವರು ಬಂದ ದಿನವೇ ಕೇಳಿದ್ದು ‘ನಿಮ್ಮ ಆಕ್ಯುರೆಸಿ ಎಷ್ಟು?’ ಹಿಂದಿನ ಜಾಹೀರಾತಿನಲ್ಲಿ 90 ಅಂತ ಹಾಕಿದ್ದರು. ನಾನು ಅವರಿಗೆ ಜಾನ್ ಫಿನ್ಲೆ ಕಥೆ ಹೇಳಿದೆ. 1884ರಲ್ಲಿ ಅಮೆರಿಕ ಸೇನೆಯ ಸಿಗ್ನಲ್ ಕೋರ್‌ನ ಈ ಮನುಷ್ಯ ಸುಂಟರಗಾಳಿ ಮುನ್ಸೂಚನೆ ಕೊಟ್ಟು ಶೇ. 96.6 ಸರಿ ಅಂದ. ಲೆಕ್ಕ ಹಾಕಿ ನೋಡಿದರೆ, ದಿನಾ ಕಣ್ಣು ಮುಚ್ಚಿಕೊಂಡು ‘ಸುಂಟರಗಾಳಿ ಇಲ್ಲ’ ಅಂದಿದ್ದರೂ ಶೇ. 98.2 ಸರಿಯಾಗುತ್ತಿತ್ತು. ಜನವರಿಯಲ್ಲಿ ಚಿತ್ರದುರ್ಗಕ್ಕೆ ಮಳೆ ಇಲ್ಲ ಅಂತ ಹೇಳಲು ಕಂಪನಿ ಬೇಕಾಗಿಲ್ಲ, ಅಲ್ವಾ ಸರ್? ಬಿದ್ದ ಮಳೆಗಳಲ್ಲಿ ಎಷ್ಟನ್ನು ಮೊದಲೇ ಹೇಳಿದ್ದೆವು, ಹೇಳಿದ್ದರಲ್ಲಿ ಎಷ್ಟು ಸುಳ್ಳಾಯಿತು ಅಂತ ಎರಡು ಸಂಖ್ಯೆ ಕೊಟ್ಟೆ. ಎರಡೂ 90ರ ಹತ್ತಿರ ಇರಲಿಲ್ಲ. ಜಾಹೀರಾತು ತೆಗೆಸಿದರು. ಒಬ್ಬ ಗಿರಾಕಿ ಬಿಟ್ಟುಹೋದರು ಕೂಡ.

ರಾಜೀನಾಮೆ ಕೊಟ್ಟ ಇಬ್ಬರಲ್ಲಿ ಒಬ್ಬರು ಈಗ ಮುಂಗಾರು ಪೂರ್ವದ ತಿಂಗಳುಗಳಿಗೆ ಮಾತ್ರ ಬರುತ್ತಾರೆ. ಇನ್ನೊಬ್ಬರು ಬರುವುದಿಲ್ಲ ಅಂದರು. ಗುಂಪಿನಲ್ಲಿ ಅವರ ಹೆಸರು ಹಿಡಿದು ಬರೆದದ್ದನ್ನು ಅಳಿಸಿದ್ದೀರಾ ಅಂತ ಕೇಳಿದರು. ಅಳಿಸಿರಲಿಲ್ಲ.

ಸದ್ಯ ಜಗಳ ಗದಗದ ಗಾಳಿ ಗಿರಾಕಿಗಳದ್ದು. ಅವರು ಮರುದಿನದ ವಿದ್ಯುತ್ತನ್ನು ಹದಿನೈದು ನಿಮಿಷಕ್ಕೊಂದರಂತೆ 96 ತುಂಡು ಮಾಡಿ ಮೊದಲೇ ಹೇಳಬೇಕು, ತಪ್ಪು ಮಿತಿ ಮೀರಿದರೆ ದಂಡ. ಗಾಳಿಯಲ್ಲಿ ಡೆಸ್ಕ್ ಕೈ ಹಾಕಬಾರದು ಅಂತ ನನ್ನದೇ ಟೇಬಲ್ ಹೇಳುತ್ತದೆ. ಸಂಜೆ ಗುಡುಗು ಮೋಡ ಬಂದಾಗ ಗಾಳಿ ಹತ್ತು ನಿಮಿಷದಲ್ಲಿ ತಲೆಕೆಳಗಾಗುತ್ತದೆ, ಅಷ್ಟಕ್ಕಾದರೂ ಬಟನ್ ಕೊಡಿ ಅಂತ ನನ್ನ ಹುಡುಗರು ಪಟ್ಟು ಹಿಡಿದಿದ್ದಾರೆ. ಈ ಏಪ್ರಿಲ್ ಎರಡು ಕಾಲಂ ಇಟ್ಟಿದ್ದೇವೆ.